ನಾನೂರ ಎಂಬತ್ತರ ಗೆರೆ

ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷವಿದ್ದಾಗ ಮೇಲಿನ ಅಣೆಕಟ್ಟಿನಿಂದ ನಕ್ಷೆ ಕಚೇರಿಗೆ ಫೋನು ಬಂತು. ಆ ಹೊತ್ತಿನಲ್ಲಿ ಅಲ್ಲಿ ಫೋನು ಎತ್ತುವವರು ಸಿಗುವುದು ಕಷ್ಟ. ಊಟ ಮುಗಿಸಿ ಬಂದವರೆಲ್ಲ ಇನ್ನೂ ಆಕಳಿಸುತ್ತಾ ಕುರ್ಚಿಗೆ ಹೊಂದಿಕೊಳ್ಳುತ್ತಿರುತ್ತಾರೆ. ಕೊನೆಗೆ ಗೆರೆಯಮ್ಮ ಎದ್ದು ಎತ್ತಿದಳು.

"ಇಲ್ಲಿ ಮಳೆ ಹುಚ್ಚೆದ್ದು ಸುರೀತಿದೆ. ಎರಡೂವರೆಗೆ ಎಲ್ಲಾ ಗೇಟೂ ಎತ್ತಿಬಿಟ್ಟಿದೀವಿ," ಅಂದ ಆ ಕಡೆಯವನು, ಉಸಿರು ಬಿಡದೆ. "ಕಂದರದೊಳಗೆ ನಿಮ್ಮೋರು ಯಾರಾದ್ರೂ ಇದ್ರೆ ನಾಲ್ಕು ಗಂಟೆ ಹೊಡೆಯೋದ್ರೊಳಗೆ ಮೇಲೆ ಹತ್ತಿಸಿ. ಆ ಇಕ್ಕಟ್ಟಿನಲ್ಲಿ ನೀರು ನಾನೂರ ಎಪ್ಪತ್ತೈದು ಮೀಟರ್ ತನಕ ಏರುತ್ತೆ. ನಾನೂರ ಎಂಬತ್ತರ ಗೆರೆ ದಾಟಿದ್ರೆ ಬದುಕ್ತಾರೆ."

"ಮೂರು ಜನ ಇದಾರೆ ಅಲ್ಲಿ! ಗೇಟು ಎತ್ತೋಕೆ ಮುಂಚೆ ಒಂದು ಮಾತು ಹೇಳೋಕೆ ನಿಮಗೇನಾಗಿತ್ತು?"

ಅವನು ಫೋನು ಇಟ್ಟುಬಿಟ್ಟ. ಇಂಥವರಿಗೆ ಕೆಟ್ಟ ಸುದ್ದಿ ಹೇಳುವಷ್ಟು ಧೈರ್ಯವಿರುತ್ತದೆ, ಬೈಸಿಕೊಳ್ಳುವಷ್ಟು ಇರುವುದಿಲ್ಲ.

ಗೆರೆಯಮ್ಮ ಎಂಬುದು ಕಚೇರಿ ಇಟ್ಟ ಹೆಸರು. ಇಪ್ಪತ್ತಾರು ವರ್ಷದಿಂದ ಅವಳು ಕಿಟಕಿಯ ಪಕ್ಕದ ಗಾಜಿನ ಮೇಜಿನ ಮುಂದೆ ಕೂತು ಎತ್ತರದ ಗೆರೆಗಳನ್ನು ಎಳೆಯುತ್ತಿದ್ದಾಳೆ. ಸರ್ವೆಯವರು ಬಿಸಿಲಲ್ಲಿ ಬೆಂದು, ಬಂಡೆ ಹತ್ತಿ ಇಳಿದು, ಇಂಥ ಜಾಗ ಇಷ್ಟು ಎತ್ತರ ಎಂದು ಬರೆದು ತರುತ್ತಾರೆ. ಒಂದೇ ಎತ್ತರದ ಜಾಗಗಳನ್ನೆಲ್ಲ ಒಂದು ಗೆರೆಯಿಂದ ಸೇರಿಸುವುದು ಇವಳ ಕೆಲಸ. ಒಂದು ಗೆರೆಗೂ ಮುಂದಿನ ಗೆರೆಗೂ ಇಪ್ಪತ್ತು ಮೀಟರ್ ಏರಿಳಿತ. ಗೆರೆಗಳು ದೂರ ದೂರ ಇದ್ದರೆ ಮಾತಾಡುತ್ತಾ ಹತ್ತಬಹುದು. ಒತ್ತೊತ್ತಾಗಿದ್ದರೆ ಏದುಸಿರು ಖಂಡಿತ. ಒಂದರ ಮೇಲೊಂದು ಬಿದ್ದಿದ್ದರೆ ಅಲ್ಲಿ ನೆಟ್ಟಗೆ ನಿಂತ ಬಂಡೆ, ಹಕ್ಕಿಗಳ ಹೊರತು ಯಾರಿಗೂ ದಾರಿಯಿಲ್ಲ.

ಊರಾಚೆ ಶುರುವಾಗುವ ಆ ಕಂದರಗಳ ನಾಡು ಇಡಿಯಾಗಿ ಅವಳ ಬೆರಳ ತುದಿಯಲ್ಲಿತ್ತು. ಯಾವ ಕೊರಕಲು ಎಲ್ಲಿ ತಿರುಗುತ್ತದೆ, ಯಾವ ದಿಣ್ಣೆಯ ನೆರಳು ಎಲ್ಲಿ ಬೀಳುತ್ತದೆ ಎಲ್ಲವನ್ನೂ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಒಂದು ದಿನವೂ ಅದರೊಳಗೆ ಇಳಿದವಳಲ್ಲ. ಕೇಳಿದವರಿಗೆ ಮಂಡಿ ನೋವು ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಎತ್ತರ ಕಂಡರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಎತ್ತರದ ಗೆರೆ ಎಳೆಯುವಾಕೆ ಏಣಿಯ ಮೂರನೇ ಮೆಟ್ಟಿಲು ಹತ್ತುವುದಿಲ್ಲ ಎಂದು ಕಚೇರಿಯವರು ಬೇಜಾರಾದಾಗಲೆಲ್ಲ ಹೇಳಿಕೊಂಡು ನಗುತ್ತಿದ್ದರು.

ಇವತ್ತು ಕಂದರದೊಳಗೆ ಇದ್ದದ್ದು ಅವಳ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಮಗುವಿಗೆ ಆರು ವರ್ಷ. ಬಿಟ್ಟು ಬರಲು ಮನೆಯಲ್ಲಿ ಯಾರೂ ಇಲ್ಲದೆ ಗೆರೆಯಮ್ಮ ಅವಳನ್ನು ಕಚೇರಿಗೇ ಕರೆತರುತ್ತಿದ್ದಳು. ಗಾಜಿನ ಮೇಜಿನ ಕೆಳಗೆ ಕೂತೇ ಹುಡುಗಿ ಓದು ಬರಹ ಕಲಿತಳು. ಕಥೆ ಹೇಳು ಎಂದು ಹಟ ಹಿಡಿದರೆ ಚಿಕ್ಕಮ್ಮ ನಕ್ಷೆಯ ಒಂದು ಹಳೆಯ ಶೀಟು ಹಾಸಿ, "ನೀನೀಗ ಇಲ್ಲಿ ನಿಂತಿದೀಯ. ಎಡಗಡೆ ಏನು ಕಾಣುತ್ತೆ, ಬಲಗಡೆ ಏನು ಕಾಣುತ್ತೆ ಹೇಳು ನೋಡೋಣ," ಎನ್ನುತ್ತಿದ್ದಳು. ಹುಡುಗಿ ಗೆರೆಗಳ ಮೇಲೆ ಬೆರಳಾಡಿಸಿ ಬಂಡೆ, ಬಯಲು, ಹಳ್ಳ ಎಂದು ಹೇಳುತ್ತಾ ಹೇಳುತ್ತಾ ಅಲ್ಲೇ ನಿದ್ದೆ ಹೋಗುತ್ತಿದ್ದಳು. ಆ ಪುಟ್ಟಿಗೆ ಈಗ ಇಪ್ಪತ್ತೇಳು. ಅದೇ ಕಚೇರಿಯ ಸರ್ವೆಯವಳು. ನೀರಿನ ಮಟ್ಟ ಅಳೆಯುವ ಕಬ್ಬಿಣದ ಕಂಬಗಳನ್ನು ನೆಡಿಸಲು ಒಬ್ಬ ವೆಲ್ಡರನ್ನೂ ಅವನ ಭಾವಮೈದನನ್ನೂ ಕರೆದುಕೊಂಡು ನಾಲ್ಕು ದಿನದ ಹಿಂದೆ ಕಂದರಕ್ಕೆ ಇಳಿದಿದ್ದಳು.

ಪ್ರತಿದಿನ ಮೂರು ಗಂಟೆಗೆ ಸರಿಯಾಗಿ ಹೊಳೆಯ ದೊಡ್ಡ ತಿರುವಿನಲ್ಲಿ ನಿಂತು ವೈರ್‌ಲೆಸ್‌ನಲ್ಲಿ ಮಾತಾಡಬೇಕೆಂಬುದು ಕಟ್ಟುಪಾಡು. ಆಕಾಶ ಅಗಲವಾಗಿ ಕಾಣುವ ಆ ತಿರುವು ಬಿಟ್ಟರೆ ಕಂದರದೊಳಗೆ ಮತ್ತೆಲ್ಲಿಂದಲೂ ಮಾತು ಹೊರಗೆ ಬರುವುದಿಲ್ಲ.

ಗೆರೆಯಮ್ಮ ವೈರ್‌ಲೆಸ್ ಇದ್ದ ಮೂಲೆಗೆ ಓಡಲಿಲ್ಲ. ಮೊದಲು ನಕ್ಷೆಯ ಬೀರುವಿಗೆ ಓಡಿದಳು. ಪಶ್ಚಿಮದ ಶೀಟು, ಪೂರ್ವದ ಶೀಟು ಎರಡನ್ನೂ ಎಳೆದು ಪಕ್ಕಪಕ್ಕ ಹಾಸಿದಳು. ತಿರುವಿನಿಂದ ಮೇಲೆ ಹತ್ತಲು ಎರಡೇ ದಾರಿ. ಒಂದು, ಹೊಳೆಯ ಕೆಳಗಡೆ ಅರ್ಧ ಗಂಟೆ ನಡೆದರೆ ಸಿಗುವ ಕತ್ತೆ ದಾರಿ. ಇನ್ನೊಂದು, ಹತ್ತೇ ನಿಮಿಷದ ದೂರದಲ್ಲಿ ಬಾಯಿ ತೆರೆಯುವ ಕೊರಕಲು. ಅದು ಪಶ್ಚಿಮದ ಶೀಟಿನಲ್ಲಿ ಶುರುವಾಗಿ ಅಂಚು ದಾಟಿ ಪೂರ್ವದ ಶೀಟಿನೊಳಗೆ ನುಗ್ಗಿ, ನಾನೂರ ಅರವತ್ತು, ನಾನೂರ ಎಂಬತ್ತು, ಐನೂರು ಎಂದು ದೂರ ದೂರದ ಗೆರೆಗಳಲ್ಲಿ ನಿಧಾನವಾಗಿ ಏರಿ ಮೇಲಿನ ಬಯಲು ಸೇರುತ್ತಿತ್ತು. ನಕ್ಷೆ ಓದಬಲ್ಲ ಯಾರೇ ಆದರೂ ಕಣ್ಣು ಮಿಟುಕಿಸುವುದರೊಳಗೆ ಅದನ್ನೇ ಆರಿಸಿಕೊಳ್ಳುತ್ತಾರೆ.

ಆ ನಾನೂರ ಎಂಬತ್ತರ ಗೆರೆಯನ್ನು ನೋಡುತ್ತಿದ್ದಂತೆ ಗೆರೆಯಮ್ಮನ ಬೆರಳು ಅಲ್ಲೇ ನಿಂತಿತು. ಅದು ಯಾರೂ ಅಳೆದು ತಂದ ಗೆರೆಯಾಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಅವಳೇ ಹುಟ್ಟಿಸಿದ ಗೆರೆ.

ಆಗಿದ್ದು ಇಷ್ಟು. ಎರಡು ಶೀಟುಗಳನ್ನು ಪಕ್ಕಪಕ್ಕ ಇಟ್ಟರೆ ಈ ಕಡೆಯ ಗೆರೆ ಆ ಕಡೆಯ ಗೆರೆಗೆ ಕೂಡಿಕೊಳ್ಳಬೇಕು. ಇಬ್ಬರು ಸರ್ವೆಯವರು ಬೇರೆಬೇರೆ ಕಾಲದಲ್ಲಿ ಅಳೆದಿರುವುದರಿಂದ ಕೂದಲೆಳೆಯಷ್ಟು ಹೆಚ್ಚುಕಡಿಮೆ ಬಂದೇ ಬರುತ್ತದೆ. ಅಷ್ಟಾದರೆ ಎರಡೂ ಕಡೆ ಅರ್ಧರ್ಧ ಸರಿಸಿ ಕೂಡಿಸಬಹುದು. ಇದಕ್ಕೆ ಕಚೇರಿಯಲ್ಲಿ ಅಂಚು ಹೊಂದಿಸುವುದು ಎನ್ನುತ್ತಾರೆ. ವ್ಯತ್ಯಾಸ ದೊಡ್ಡದಿದ್ದರೆ ಮಾತ್ರ ಸರ್ವೆಯವರನ್ನು ಮತ್ತೆ ಸ್ಥಳಕ್ಕೆ ಕಳಿಸಬೇಕು. ಈ ಕೊರಕಲಿನಲ್ಲಿ ಪಶ್ಚಿಮದವರ ಗೆರೆ ನಾನೂರ ಅರವತ್ತಕ್ಕೆ ಬಂದು ಅಂಚಿನಲ್ಲಿ ನಿಂತಿತ್ತು. ಪೂರ್ವದವರ ಗೆರೆ ಅದೇ ಅಂಚಿನಲ್ಲಿ ಐನೂರರಿಂದ ಶುರುವಾಗಿತ್ತು. ನಡುವಿನ ನಾನೂರ ಎಂಬತ್ತು ಎಲ್ಲೂ ಇರಲಿಲ್ಲ.

ಪಶ್ಚಿಮದ ಸರ್ವೆಯವರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಮಳೆಗಾಲ ಹಿಡಿದಿತ್ತು. ಅಚ್ಚಿನ ಮನೆಯಿಂದ ದಿನಕ್ಕೆ ಎರಡು ಸಲ ಜ್ಞಾಪಿಸುತ್ತಿದ್ದರು. ಪೂರ್ವದವನು ಹೊಸಬ, ಅವನೇ ಎಡವಿರಬೇಕು ಎಂದುಕೊಂಡಳು. ಅವನ ಐನೂರರ ಗೆರೆಯನ್ನು ಬ್ಲೇಡಿನಿಂದ ಕೆರೆದು ಒಂದು ಉಗುರಿನಗಲ ಆಚೆಗೆ ತಳ್ಳಿದಳು. ಖಾಲಿಯಾದ ಜಾಗದಲ್ಲಿ ಒಂದು ನಾನೂರ ಎಂಬತ್ತನ್ನು ಎಳೆದಳು. ಅಂದವಾಗಿಯೇ ಬಂದಿತ್ತು. ಈಗ ಕಚೇರಿಯ ಮುಖ್ಯಸ್ಥರಾಗಿರುವ ಸಾಹೇಬರು ಆಗಿನ್ನೂ ಚಿಕ್ಕ ಅಧಿಕಾರಿ. ನೋಡಿ, "ಚೆನ್ನಾಗಿ ಕೂತಿದೆ," ಎಂದು ಮೂಲೆಯಲ್ಲಿ ಅವಳ ಸಹಿಯ ಪಕ್ಕ ತಮ್ಮದೂ ಹಾಕಿದರು.

ಮೂರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದಾಗ, ಇದ್ದಕ್ಕಿದ್ದಂತೆ, ಇಬ್ಬರೂ ಸರಿಯಾಗಿಯೇ ಅಳೆದಿದ್ದರೆ ಎಂಬ ಯೋಚನೆ ಬಂತು. ಈ ಕಡೆ ನಾನೂರ ಅರವತ್ತು, ಆ ಕಡೆ ಐನೂರು, ನಡುವೆ ನೆಟ್ಟಗಿನ ಬಂಡೆ. ಸರಿಯಾಗಿ ಅಂಚಿನ ಮೇಲೆ. ಇವರ ಶೀಟಿಗೂ ಸೇರದೆ ಅವರ ಶೀಟಿಗೂ ಸೇರದೆ ನಿಂತ ಬಂಡೆ. ಒದ್ದೆ ಬಟ್ಟೆ ಹಿಡಿದುಕೊಂಡು ಅವಳು ಬಹಳ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ, ಆ ಹಾಳು ಕೊರಕಲಿಗೆ ಯಾರು ಸಾಯೋಕೆ ಹೋಗ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಉಳಿದ ಬಟ್ಟೆ ಒಣಹಾಕಿದಳು. ಯಾರಿಗೂ ಹೇಳಲಿಲ್ಲ.

ಈಗ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತಾ ಮೇಜಿನ ಹತ್ತಿರ ಬಂದರು. ಅಣೆಕಟ್ಟಿನ ಸುದ್ದಿಯನ್ನೂ ಗೆರೆಯ ವಿಷಯವನ್ನೂ ಅವಳು ಎರಡೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಸಾಹೇಬರ ಮುಖ ಸುಣ್ಣದಂತಾಯಿತು. ಕೆಟ್ಟವರಲ್ಲ ಅವರು. ಹೆದರುಪುಕ್ಕಲರು, ಅಷ್ಟೇ.

"ಮಾತಾಡಿ, ಬೇಗ ಮಾತಾಡಿ," ಅಂದರು. ಮತ್ತೆ ದನಿ ತಗ್ಗಿಸಿ, "ಆದ್ರೆ ಈ ವೈರ್‌ಲೆಸ್ ಸುತ್ತಮುತ್ತಲ ಕಚೇರಿಯೋರೆಲ್ಲ ಕೇಳಿಸ್ಕೋತಾರೆ. ನಕ್ಷೆ ತಪ್ಪು ಅನ್ನೋದ್ಯಾಕೆ? ಅಲ್ಲಿ ಬಂಡೆ ಕುಸಿದಿದೆ, ಹೋಗಬೇಡ ಅನ್ನಿ. ಕೆಲಸ ಒಂದೇ ತಾನೇ?"

ಅವಳಿಗೂ ಅದು ಒಳ್ಳೆಯ ದಾರಿಯಾಗಿ ಕಂಡಿತು. ಆ ಗಳಿಗೆಯಲ್ಲಿ ಬಹಳ ಒಳ್ಳೆಯ ದಾರಿಯಾಗಿ ಕಂಡಿತು ಎಂದೇ ಹೇಳಬೇಕು.

ಮೂರು ಗಂಟೆಗೆ ವೈರ್‌ಲೆಸ್ ಗರಗರ ಎಂದಿತು.

"ಚಿಕ್ಕಮ್ಮ, ಕೇಳಿಸ್ತಿದೆಯಾ? ನೀರು ಯಾಕೋ ಕೆಂಪಗಾಗಿದೆ. ಒಂದು ಗೇಣು ಏರಿದೆ."

"ಪುಟ್ಟಿ, ಗಮನ ಇಟ್ಟು ಕೇಳು. ಅಣೆಕಟ್ಟಿನ ಗೇಟು ತೆಗೆದಿದಾರೆ. ನಾಲ್ಕು ಗಂಟೆಗೆ ನೀರು ನೀನಿರೋ ಕಡೆ ಬರುತ್ತೆ. ಈಗಲೇ ಕತ್ತೆ ದಾರಿ ಹಿಡಿ. ಆ ಹತ್ತಿರದ ಕೊರಕಲಿದೆಯಲ್ಲ, ಅದರ ತಂಟೆಗೆ ಹೋಗಬೇಡ. ಅಲ್ಲಿ... ಅಲ್ಲಿ ಬಂಡೆ ಕುಸಿದಿದೆಯಂತೆ."

"ಯಾವಾಗ ಕುಸೀತು?"

"ಯಾವಾಗಲೋ. ಸುದ್ದಿ ಬಂತು."

"ಚಿಕ್ಕಮ್ಮ." ಹುಡುಗಿಯ ದನಿ ಬೇರೆಯಾಗಿತ್ತು. "ಅಲ್ಲಿ ಏನೂ ಕುಸಿದಿಲ್ಲ. ಆ ಬಂಡೆ ಮೊದಲಿಂದ ಅಲ್ಲೇ ಇದೆ. ಹೋದ ವರ್ಷ ನಾನೇ ಕೊರಕಲೊಳಗೆ ಹೋಗಿ ಅದರ ಬುಡದಲ್ಲಿ ನಿಂತು ನೋಡಿ ಬಂದೆ."

ಸಾಹೇಬರು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ನಕ್ಷೆಯ ಮೂಲೆಯಲ್ಲಿ ನಿನ್ನ ಸಹಿ ನೋಡಿದೆ," ಅಂದಳು ಹುಡುಗಿ. "ಹೇಗೆ ಹೇಳಲಿ ಅಂತ ಬಾಯಿ ಮುಚ್ಕೊಂಡೆ. ನೀನೇ ಒಂದಲ್ಲ ಒಂದು ದಿನ ಹೇಳ್ತೀಯ ಅಂದ್ಕೊಂಡೆ."

"ನಾನು..." ಎಂದಳು ಗೆರೆಯಮ್ಮ. ಇಪ್ಪತ್ತೊಂದು ವರ್ಷ ಸಾಕಿದ ಮಗಳ ಮುಂದೆ ಮರ್ಯಾದೆ ಹೋಯಿತೆಂಬ ನಾಚಿಕೆ ಒಂದು ಕಡೆ, ಸದ್ಯ ಇವಳು ಆ ಕೊರಕಲಿಗೆ ಹೋಗುವುದಿಲ್ಲವಲ್ಲ ಎಂಬ ನೆಮ್ಮದಿ ಇನ್ನೊಂದು ಕಡೆ. ನೆಮ್ಮದಿಯೇ ಗೆದ್ದಿತು. "ಆಯ್ತು, ಎಲ್ಲಾ ನನ್ನದೇ ತಪ್ಪು. ಮನೆಗೆ ಬಂದು ಎಷ್ಟು ಬೇಕಾದ್ರೂ ಬೈ. ಈಗ ಹೊರಡು, ಅವರಿಬ್ಬರನ್ನೂ ಕರ್ಕೊಂಡು ಹೊರಡು."

"ಅವರಿಬ್ಬರು ಕೊರಕಲೊಳಗೆ ಹೋಗಿಬಿಟ್ಟರು."

"ಏನು?"

"ಅದರ ಬಾಯಲ್ಲೇ ಕಂಬ ನೆಡ್ತಿದ್ರು. ನೀರು ಕೆಂಪಾಗಿದ್ದು ನೋಡಿ ನನ್ನ ಕಡೆ ಕೈ ಬೀಸಿ, ಕೊರಕಲು ತೋರಿಸಿ ಒಳಗೆ ನುಗ್ಗಿದ್ರು. ಕೂಗಿದೆ. ಹೊಳೆ ಸದ್ದಿಗೆ ಎಲ್ಲಿ ಕೇಳುತ್ತೆ?" ಹುಡುಗಿಯ ದನಿ ಒಡೆಯಿತು. "ಬೆಳಿಗ್ಗೆ ಅವರಿಗೆ ಆ ಕಡೆ ಹೋಗಬೇಡಿ ಅಂತ ಹೇಳಿದ್ದೆ ಚಿಕ್ಕಮ್ಮ. ನಕ್ಷೆ ತಪ್ಪು ಅಂತ ಹೇಳೋಕಾಗದೆ, ಅಲ್ಲಿ ಬರೀ ಮುಳ್ಳು ಅಂತ ಹೇಳಿದ್ದೆ."

ನೀರು ಬೆನ್ನಟ್ಟಿ ಬರುವಾಗ ಮುಳ್ಳಿಗೆ ಹೆದರುವ ಮನುಷ್ಯ ಇನ್ನೂ ಹುಟ್ಟಿಲ್ಲ. ಭಾವ ಭಾವಮೈದ ಇಬ್ಬರೂ ನಕ್ಷೆಯಲ್ಲಿ ಕಂಡ ಸುಲಭದ ದಾರಿಯನ್ನು ನಂಬಿ, ಮೈಗೆ ನಾಲ್ಕು ಗೀರು ಬಿದ್ದರೆ ಬೀಳಲಿ ಎಂದು ಹೋಗಿದ್ದರು.

ಗೆರೆಯಮ್ಮ ಶೀಟಿನ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದಳು. ಕೊರಕಲಿನ ಬಾಯಿಂದ ಬಂಡೆಯ ತನಕ ಇಪ್ಪತ್ತು ನಿಮಿಷ. ನೆಲ ಹೆಚ್ಚುಕಡಿಮೆ ಮಟ್ಟಸ. ಬಂಡೆಯ ಬುಡ ನಾನೂರ ಅರವತ್ತರ ಆಸುಪಾಸು. ಎರಡೂ ಕಡೆ ಗೋಡೆ, ಎದುರಿಗೆ ಬಂಡೆ, ಹಿಂದಿನಿಂದ ನೀರು. ನೀರು ನಾನೂರ ಎಪ್ಪತ್ತೈದಕ್ಕೆ ಏರಿದರೆ ಅಲ್ಲಿ ನಿಂತವರ ತಲೆಯ ಮೇಲೆ ಎರಡು ಮರದಷ್ಟು ನೀರು.

"ಬೇರೆ ದಾರಿ ಏನಾದ್ರೂ ಇದೆಯಾ ಅದರೊಳಗೆ?" ಕೇಳಿದಳು ಹುಡುಗಿ. "ನಾನು ಬಂಡೆ ನೋಡಿ ಹಾಗೇ ವಾಪಸ್ ಬಂದೆ, ಅಕ್ಕಪಕ್ಕ ನೋಡಿಲ್ಲ. ಇದ್ರೆ ಹೇಳು, ಓಡಿಹೋಗಿ ಅವರನ್ನ ಹತ್ತಿಸ್ತೀನಿ."

"ನಕ್ಷೆಯಲ್ಲಿ..."

"ನಕ್ಷೆಯಲ್ಲಿ ಇರೋದು ಬೇಡ. ಅಲ್ಲಿ ಇರೋದು ಹೇಳು."

ಆ ಮಾತು ನೇರವಾಗಿ ಎದೆಗೆ ನಾಟಿತು. ಆದರೆ ನೊಂದುಕೊಂಡು ಕೂರಲು ಪುರುಸೊತ್ತಿರಲಿಲ್ಲ. "ಹತ್ತು ನಿಮಿಷ ಕೊಡು," ಎಂದಳು ಗೆರೆಯಮ್ಮ. "ಪಶ್ಚಿಮದ ಸರ್ವೆಯವರು ಸ್ಥಳದಲ್ಲೇ ಬರೆದಿಟ್ಟ ಫೀಲ್ಡ್ ಬುಕ್ ದಾಖಲೆ ಕೋಣೇಲಿರುತ್ತೆ. ಅವರು ಅಂಚಿನ ತನಕ ಹೋಗಿದ್ದರು. ಅಲ್ಲೇ ಇರು, ಹೋಗಬೇಡ!"

"ಹತ್ತೇ ನಿಮಿಷ. ಆಮೇಲೆ ನಾನು ಹೊರಡ್ತೀನಿ."

ಯಾವ ಕಡೆಗೆ ಎಂದು ಅವಳು ಹೇಳಲಿಲ್ಲ. ಗೆರೆಯಮ್ಮ ಕೇಳಲೂ ಇಲ್ಲ.

ದಾಖಲೆ ಕೋಣೆ ಮೆಟ್ಟಿಲ ಕೆಳಗಿತ್ತು. ಅದರ ಬೀಗದ ಕೈ ಯಾರ ಬಳಿ ಇದೆ ಎಂದು ಹುಡುಕುತ್ತಾ ಕೂರದೆ ಸಾಹೇಬರು ಹೆಗಲು ಕೊಟ್ಟು ಬಾಗಿಲನ್ನೇ ಒಡೆದರು. ಅವರಿಂದ ಇಂಥದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ, ಬಹುಶಃ ಅವರೂ ನಿರೀಕ್ಷಿಸಿರಲಿಲ್ಲ. ಒಳಗೆ ಸೂರಿನ ತನಕ ಕಟ್ಟುಗಳು. ಆ ವರ್ಷದ ಕಟ್ಟು ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿತ್ತು. ಸಾಹೇಬರು ಏಣಿ ಹಿಡಿದರು. ಗೆರೆಯಮ್ಮ ಹತ್ತಿದಳು. ಮೂರನೆಯ ಮೆಟ್ಟಿಲನ್ನೂ ಎಂಟನೆಯದನ್ನೂ ಲೆಕ್ಕ ಮಾಡಲಿಲ್ಲ. ಕಟ್ಟಿನ ದಾರ ಬಿಚ್ಚಲು ಬರದೆ ಹಲ್ಲಿನಿಂದ ಕಡಿದಳು.

ಐದನೇ ಪುಸ್ತಕದ ಕೊನೆಯ ಪುಟದಲ್ಲಿ ಅದು ಇತ್ತು. ಪೆನ್ಸಿಲಿನ ಸಣ್ಣ ಅಕ್ಷರ, ಇನ್ನೂ ಮಾಸಿರಲಿಲ್ಲ.

'ಅಂಚಿನಲ್ಲಿ ನೆಟ್ಟಗೆ ಬಂಡೆ. ಮೂವತ್ತೈದು ಮೀಟರ್ ಇರಬಹುದು. ಅದರಾಚೆ ನನ್ನ ಶೀಟಲ್ಲ. ಬಂಡೆಗೆ ಇನ್ನೂರು ಹೆಜ್ಜೆ ಮೊದಲು ಬಲಗಡೆ ಒಂಟಿ ಮರ. ಅದರ ಬುಡದಿಂದ ಮೇಕೆ ಹತ್ತುವ ಸೀಳು. ನಾನು ಹತ್ತಿ ನೋಡಿದೆ, ಮೇಲಿನ ಬಯಲು ಮುಟ್ಟುತ್ತದೆ. ಕಲ್ಲು ಸಡಿಲ. ಕೈ ತಪ್ಪಿದರೆ ಮುಗಿಯಿತು. ಅಳತೆ ಮಾಡಲಾಗಲಿಲ್ಲ.'

ಗೆರೆಯಮ್ಮ ಏಣಿಯ ಮೇಲೆ ನಿಂತೇ ಅದನ್ನು ಎರಡು ಸಲ ಓದಿದಳು. ಆ ಮನುಷ್ಯ ಎಲ್ಲವನ್ನೂ ಬರೆದಿಟ್ಟಿದ್ದ. ಹನ್ನೊಂದು ವರ್ಷದ ಹಿಂದೆ ಮೆಟ್ಟಿಲಿಳಿದು ಬಂದು ಈ ಪುಟ ತೆರೆಯಲು ಹತ್ತು ನಿಮಿಷ ಸಾಕಿತ್ತು. ಆಗ ಅವಳಿಗೆ ಹತ್ತು ನಿಮಿಷ ಇರಲಿಲ್ಲ.

ಪುಸ್ತಕವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುವಾಗ ಅವಳಿಗೆ ಬಂದ ಯೋಚನೆಯನ್ನು ನಾನು ಮುಚ್ಚಿಡುವುದಿಲ್ಲ. ಪುಸ್ತಕದಲ್ಲಿ ಏನೂ ಇಲ್ಲ ಎಂದುಬಿಟ್ಟರೆ? ದಾರಿಯೇ ಇಲ್ಲವೆಂದು ಗೊತ್ತಾದರೆ ಪುಟ್ಟಿ ಅಳುತ್ತಾಳೆ, ಬೈಯುತ್ತಾಳೆ, ಆದರೆ ಕತ್ತೆ ದಾರಿ ಹಿಡಿಯುತ್ತಾಳೆ. ಬದುಕುತ್ತಾಳೆ. ಇದೆ ಎಂದರೆ ನೀರು ಬರುವ ಹೊತ್ತಿಗೆ ಆ ಸಾವಿನ ಬಾಯೊಳಗೆ ತಾನೇ ಓಡುತ್ತಾಳೆ. ಅವರಿಬ್ಬರ ಮುಖವನ್ನು ಗೆರೆಯಮ್ಮ ಸರಿಯಾಗಿ ನೋಡಿರಲಿಲ್ಲ. ಸೋಮವಾರ ಬೆಳಿಗ್ಗೆ ಜೀಪು ಹತ್ತುವಾಗ ಬಿಡಿ ಕಂಬಿಗಳನ್ನು ಯಾರು ಹಿಡಿದುಕೊಳ್ಳಬೇಕೆಂದು ಜಗಳವಾಡುತ್ತಿದ್ದರು, ಅಷ್ಟು ನೆನಪು. ತಾನು ಹೆರದ ಮಗಳ ಮುಖ ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು.

ವೈರ್‌ಲೆಸ್‌ನ ಗುಂಡಿ ಒತ್ತಿದಳು. ಗಡಿಯಾರ ಮೂರು ಹದಿಮೂರು ತೋರಿಸುತ್ತಿತ್ತು.

"ಸಿಕ್ತಾ?" ಅಂದಳು ಹುಡುಗಿ.

ಸಾಹೇಬರು ಅವಳನ್ನೇ ನೋಡುತ್ತಿದ್ದರು. ಅವಳು ಏಣಿ ಇಳಿದಾಗ ಅವರೂ ಪುಸ್ತಕ ಇಸಿದುಕೊಂಡು ಆ ಪುಟ ಓದಿದ್ದರು. ಅವಳೀಗ ಏನು ಹೇಳಿದರೂ ಅವರು ಬಾಯಿ ಬಿಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಸಿಕ್ತು," ಅಂದಳು ಗೆರೆಯಮ್ಮ. ಆಮೇಲೆ ಒಂದು ಅಕ್ಷರವನ್ನೂ ಬಿಡದೆ ಪುಟ ಓದಿದಳು. ಕೈ ತಪ್ಪಿದರೆ ಮುಗಿಯಿತು ಎಂಬುದನ್ನೂ ಓದಿದಳು.

"ಒಂಟಿ ಮರ. ಬಲಗಡೆ. ಇನ್ನೂರು ಹೆಜ್ಜೆ ಮೊದಲು," ಹುಡುಗಿ ಒಪ್ಪಿಸಿದಳು, ಮೇಜಿನ ಕೆಳಗೆ ಕೂತು ಪಾಠ ಒಪ್ಪಿಸುತ್ತಿದ್ದ ಅದೇ ಗಡಿಬಿಡಿಯಲ್ಲಿ. "ಹೊರಟೆ."

"ಪುಟ್ಟಿ..."

ಗರಗರ ಸದ್ದೂ ನಿಂತಿತು.

ಆಮೇಲಿನದು ಬರೀ ಕಾಯುವ ಕೆಲಸ. ಸಾಹೇಬರು ಆಸ್ಪತ್ರೆಗೆ, ಪೊಲೀಸರಿಗೆ, ಮೇಲಿನ ಬಯಲಿನ ಹಳ್ಳಿಗೆ ಫೋನು ಮಾಡಿದರು. ಕೊರಕಲಿನ ಮೇಲ್ತುದಿಗೆ ಹಗ್ಗ ಹಿಡಿದು ಜನ ಹೋಗಲಿ ಎಂದು ಕಿರುಚಾಡಿದರು. ನಕ್ಷೆ ತಪ್ಪಾಗಿದೆ ಎಂದು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳಿದರು. ಗೆರೆಯಮ್ಮ ವೈರ್‌ಲೆಸ್ ಮುಂದಿನಿಂದ ಅಲುಗಲಿಲ್ಲ. ಯಾರೋ ಚಹಾ ತಂದಿಟ್ಟರು. ಅದು ಕೆನೆಗಟ್ಟಿತು.

ಅವಳ ಬೆರಳು ಶೀಟಿನ ಮೇಲೆ ಹುಡುಗಿಯ ಜೊತೆ ನಡೆಯುತ್ತಿತ್ತು. ಈಗ ಕೊರಕಲಿನ ಬಾಯಿ. ಈಗ ಮೊದಲ ತಿರುವು. ಇಲ್ಲಿ ನೆಲ ಮರಳು, ಕಾಲು ಹೂಳುತ್ತದೆ. ಈಗ ಅವರಿಬ್ಬರು ಬಂಡೆ ಕಂಡು ಹೌಹಾರಿ ಹಿಂದಿರುಗಿರಬೇಕು, ಇವಳಿಗೆ ಎದುರಾಗಿರಬೇಕು. ಈಗ ಮರ. ಅಲ್ಲಿಂದ ಮುಂದೆ ಬೆರಳಿಗೆ ದಾರಿ ಇರಲಿಲ್ಲ. ಸೀಳು ನಕ್ಷೆಯಲ್ಲಿ ಇರಲಿಲ್ಲ. ಮರವಾದರೂ ಹನ್ನೊಂದು ವರ್ಷದ ಮೇಲೆ ಇದೆಯೋ ಇಲ್ಲವೋ ಯಾರಿಗೆ ಗೊತ್ತು?

ನಾಲ್ಕಕ್ಕೆ ಐದು ನಿಮಿಷವಿರುವಾಗ ಕಂದರದ ಕೆಳತುದಿಯ ಸೇತುವೆಯವರು ಫೋನು ಮಾಡಿ, ಒಳಗಿನಿಂದ ಗುಡುಗಿನಂಥ ಸದ್ದು ಬರುತ್ತಿದೆ ಎಂದರು. ನಾಲ್ಕೂ ಇಪ್ಪತ್ತಕ್ಕೆ ಮತ್ತೆ ಮಾಡಿ, ಬೇರು ಸಮೇತ ಮರಗಳು ಬರುತ್ತಿವೆ ಎಂದರು. ಒಂದು ಕಬ್ಬಿಣದ ಕಂಬವೂ ಬಂತಂತೆ, ಹೊಸ ಬಣ್ಣದ್ದು.

ನಾಲ್ಕೂವರೆ ಆಯಿತು. ಐದಾಯಿತು. ಮನೆಗೆ ಹೋಗುವ ಹೊತ್ತಾದರೂ ಕಚೇರಿಯಲ್ಲಿ ಒಬ್ಬರೂ ಚೀಲ ಎತ್ತಿಕೊಳ್ಳಲಿಲ್ಲ. "ಬಯಲಿನ ಮೇಲೆ ಬಂದ್ರೆ ಮಾತು ಸಿಗಬೇಕು," ಎಂದು ಸಾಹೇಬರು ಮೂರನೇ ಸಲ ಹೇಳಿದರು. ಗೆರೆಯಮ್ಮ ತಲೆಯೆತ್ತಿ ನೋಡಿದ ರೀತಿಗೆ ನಾಲ್ಕನೇ ಸಲ ಹೇಳಲಿಲ್ಲ.

ಐದೂ ಹತ್ತಕ್ಕೆ ವೈರ್‌ಲೆಸ್ ಗರಗರ ಎಂದಿತು.

"ಚಿಕ್ಕಮ್ಮ. ಮೇಲಿದೀವಿ. ಮೂರು ಜನಾನೂ."

ಕೋಣೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಗೆರೆಯಮ್ಮ ಮೇಜಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಗುಂಡಿ ಒತ್ತಿಕೊಂಡೇ ಇದ್ದದ್ದರಿಂದ ಸುತ್ತಮುತ್ತಲ ಕಚೇರಿಯವರೆಲ್ಲ ಅದನ್ನು ಕೇಳಿಸಿಕೊಂಡರು. ಹುಡುಗಿಯ ಮುಂದಿನ ಮಾತು ಬಂದದ್ದು ಅವಳು ಗುಂಡಿ ಬಿಟ್ಟ ಮೇಲೆ. "ಸೀಳಿನಲ್ಲಿ ಕಲ್ಲು ಜಾರಿ ವೆಲ್ಡರ್ ಕೈ ಮೇಲೆ ಬಿತ್ತು. ಬಲಗೈ. ಬೇಗ ಗಾಡಿ ಕಳಿಸಿ."

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ವೆಲ್ಡರನ ಬಲಗೈಯ ಮೂರು ಬೆರಳುಗಳನ್ನು ತೆಗೆದರು. ಅಕ್ಕನ ಮಗಳು ಆಪರೇಷನ್ ಕೋಣೆಯ ಹೊರಗೆ ಭಾವಮೈದನ ಪಕ್ಕ ಬೆಂಚಿನ ಮೇಲೆ ಕೂತಿದ್ದಳು. ಎದುರಿಗೆ ಗೆರೆಯಮ್ಮ ನಿಂತಿದ್ದಳು. ಭಾವಮೈದ ಒಳ್ಳೆಯ ಮನುಷ್ಯ, ಯಾರನ್ನೂ ದೂರಲಿಲ್ಲ. "ನೀವು ಬರದೇ ಇದ್ದಿದ್ರೆ ನಮ್ಮ ಹೆಣಾನೂ ಸಿಗ್ತಿರಲಿಲ್ಲ ಮೇಡಂ," ಅಂದ. ಆಮೇಲೆ, "ನೀವು ಮುಳ್ಳು ಅಂದಿದ್ರಿ. ಬಂಡೆ ಅಂತ ಒಂದು ಮಾತು ಹೇಳಿದ್ರೆ ಭಾವ ಆ ಕಡೆ ತಲೆ ಹಾಕಿ ಕೂಡ ಮಲಗ್ತಿರಲಿಲ್ಲ," ಎಂದ. ಅವನು ಅದನ್ನು ಚುಚ್ಚಿ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಅಷ್ಟೇ.

ಚಿಕ್ಕಮ್ಮ ಮಗಳು ಇಬ್ಬರೂ ಅಲ್ಲಿಂದ ನೇರವಾಗಿ ಕಚೇರಿಗೆ ಬಂದರು. ಅಚ್ಚಾದ ನಕ್ಷೆಯಲ್ಲಿ ತಪ್ಪು ಕಂಡರೆ ಒಂದು ಚೀಟಿ ತುಂಬಬೇಕು. ಯಾವ ಶೀಟು, ಏನು ತಪ್ಪು, ತಪ್ಪು ಮಾಡಿದವರು ಯಾರು, ಕಂಡುಹಿಡಿದವರು ಯಾರು, ಕಂಡ ದಿನ ಯಾವುದು. ಗೆರೆಯಮ್ಮ ಕೂತು ತುಂಬಿದಳು. ತಪ್ಪು ಮಾಡಿದವರು ಎಂಬಲ್ಲಿ ತನ್ನ ಹೆಸರು, ಹುದ್ದೆ, ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದಳು. ಕೈ ಹಿಂಜರಿಯಲಿಲ್ಲ. ಹನ್ನೊಂದು ವರ್ಷದ ಭಾರ ಇಳಿದಂತಿತ್ತು. ಕಂಡುಹಿಡಿದವರು ಎಂಬಲ್ಲಿ ಮಗಳ ಹೆಸರು ಬರೆದಳು. ಕಂಡ ದಿನ ಎಂಬಲ್ಲಿ ನಿನ್ನೆಯ ತಾರೀಖು ಹಾಕಿ ಚೀಟಿಯನ್ನು ಮೇಜಿನಾಚೆ ತಳ್ಳಿದಳು.

ಹುಡುಗಿ ಓದಿದಳು. ಅವಳ ಅಂಗೈಗಳಿಗೆ ಬಟ್ಟೆ ಸುತ್ತಿತ್ತು.

"ಇದು ನಿನ್ನೆ ಅಲ್ಲ."

"ನಿನ್ನೆ ಅಂತಲೇ ಇರಲಿ. ಸಾಹೇಬರ ಹತ್ರಾನೂ ಮಾತಾಡಿದೀನಿ. ವೈರ್‌ಲೆಸ್‌ನಲ್ಲಿ ಆಡಿದ ಮಾತು ಯಾರೂ ಬರೆದಿಟ್ಟಿಲ್ಲ," ಎಂದಳು ಗೆರೆಯಮ್ಮ, ಆದಷ್ಟು ಸಲೀಸಾಗಿ. "ಒಂದು ವರ್ಷದಿಂದ ಗೊತ್ತಿತ್ತು ಅಂದ್ರೆ ನಿನ್ನ ಕೆಲಸ ಹೋಗುತ್ತೆ. ನನ್ನದು ಹೇಗೂ ಮುಗೀತು. ನೀನಿನ್ನೂ ಬಾಳಿ ಬದುಕೋಳು."

"ಚಿಕ್ಕಮ್ಮ," ಅಂದಳು ಹುಡುಗಿ, ತುಂಬಾ ಮೆಲ್ಲಗೆ. "ಮತ್ತೆ ಅಂಚು ಹೊಂದಿಸ್ತಿದೀಯ."

ಬೈದಿದ್ದರೆ ಗೆರೆಯಮ್ಮ ತಡೆದುಕೊಳ್ಳುತ್ತಿದ್ದಳು. ಬೈಸಿಕೊಳ್ಳಲು ರಾತ್ರಿಯಿಡೀ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಹುಡುಗಿ ಪೆನ್ನು ತೆಗೆದುಕೊಂಡಳು. ಬಟ್ಟೆ ಸುತ್ತಿದ ಕೈಯಲ್ಲಿ ಅದು ನಿಲ್ಲದೆ ಎರಡು ಸಲ ಜಾರಿತು. ಮೂರನೇ ಸಲ ಗಟ್ಟಿಯಾಗಿ ಹಿಡಿದು ನಿನ್ನೆಯ ತಾರೀಖನ್ನು ಹೊಡೆದುಹಾಕಿ, ಅದರ ಮೇಲೆ ಹೋದ ವರ್ಷದ ಒಂದು ತಾರೀಖು ಬರೆದಳು. ದಿನ, ತಿಂಗಳು ಯಾವುದಕ್ಕೂ ತಡವರಿಸಲಿಲ್ಲ. ಹೊಡೆದುಹಾಕಿದ ಜಾಗದ ಪಕ್ಕ ಚೀಟಿ ತುಂಬಿದವರ ಸಹಿ ಬೇಕಾಗುತ್ತದೆ. ಅವಳು ಪೆನ್ನನ್ನು ಚಿಕ್ಕಮ್ಮನ ಕಡೆಗೆ ಚಾಚಿದಳು.

ಗೆರೆಯಮ್ಮ ಬಹಳ ಹೊತ್ತು ಆ ಪೆನ್ನನ್ನು ನೋಡಿದಳು. ಚೀಟಿಯನ್ನು ಹರಿದು ಹಾಕಲೇ ಎಂದು ಒಮ್ಮೆ ಅನ್ನಿಸಿತು, ಕೈ ಕೂಡ ಮುಂದೆ ಹೋಯಿತು. ಎದುರಿಗೆ ನಿಂತವಳು ತಡೆಯಲಿಲ್ಲ. ಸುಮ್ಮನೆ ಕಾಯುತ್ತಿದ್ದಳು. ಒಂದು ವರ್ಷ ಹೀಗೇ ಕಾದಿದ್ದಳಲ್ಲವೇ ಎಂಬುದು ಆಗ ಗೆರೆಯಮ್ಮನಿಗೆ ಹೊಳೆಯಿತು.

ಅವಳು ಪೆನ್ನು ತೆಗೆದುಕೊಂಡು ಮಗಳ ಕೆಲಸ ಕಳೆಯುವ ಆ ತಾರೀಖಿನ ಪಕ್ಕದಲ್ಲಿ ಸಹಿ ಹಾಕಿದಳು.